ಚಿತ್ರದ ಬೆನ್ನು

ನಮ್ಮ ಮನೆಗೆ ಹೊಸದಾಗಿ ಬಂದವರು ಹಾಲ್‌ನ ಗೋಡೆ ನೋಡಿ ಮೊದಲು ಕೇಳುವುದು, "ಇದಕ್ಕೆಲ್ಲ ಎಷ್ಟಾಯ್ತು?" ಆಮೇಲೆ ಕೇಳುವುದು, "ಇದು ಏನು ಚಿತ್ರ?" ಚಿತ್ರವನ್ನು ಮೊಳೆಯಿಂದ ಇಳಿಸಿ ಹಿಂಬದಿ ತೋರಿಸಿ ಎಂದು ಇಷ್ಟು ವರ್ಷಗಳಲ್ಲಿ ಕೇಳಿದವರು ಒಬ್ಬರೇ. ಅವರ ವಿಷಯ ಆಮೇಲೆ ಹೇಳುತ್ತೇನೆ. ನಾನೇ ಮೊದಲ ನಾಲ್ಕು ವರ್ಷ ತಿರುಗಿಸಿ ನೋಡಿರಲಿಲ್ಲ. ಅದಕ್ಕೆ ದಂಡ ಕಟ್ಟಿದ್ದೇನೆ, ರಸೀದಿ ಕೂಡ ಇದೆ.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಹಾಸನದ ಕಡೆಯವಳು, ಮದುವೆಯಾಗಿ ಬೆಂಗಳೂರಿಗೆ ಬಂದೆ. ಚಿತ್ರಕಲೆ ಓದಿಲ್ಲ, ಬರೆಯಲು ಬರುವುದಿಲ್ಲ. ರಂಗೋಲಿಯೂ ಅಷ್ಟಕ್ಕಷ್ಟೇ. ಈಗ ಮನೆಯಲ್ಲಿ 41 ಕೃತಿಗಳಿವೆ. ಹೆಚ್ಚಿನವು ಪೇಪರಿನ ಮೇಲಿನ ಕೆಲಸ. ಯಾವುದಕ್ಕೂ ಹರಾಜಿನಲ್ಲಿ ದೊಡ್ಡ ಬೆಲೆ ಬರುವುದಿಲ್ಲ. ಇದನ್ನು 'ಸಂಗ್ರಹ' ಎಂದು ಕರೆಯಲು ಈಗಲೂ ಸ್ವಲ್ಪ ನಾಚಿಕೆ.

ಶುರುವಾದದ್ದು 2009ರ ಚಿತ್ರಸಂತೆಯಲ್ಲಿ. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಿಂದ ನಡೆಸುತ್ತಿರುವ ಸಂತೆ ಅದು. ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ಗಾಡಿ ಓಡಾಟ ನಿಲ್ಲಿಸುತ್ತಾರೆ. ಎರಡೂ ಬದಿಯ ಫುಟ್‌ಪಾತಿನಲ್ಲಿ ಸಾವಿರಕ್ಕೂ ಹೆಚ್ಚು ಕಲಾವಿದರು ತಮ್ಮ ಚಿತ್ರ ಇಟ್ಟುಕೊಂಡು ಕೂರುತ್ತಾರೆ. ನೂರು ರೂಪಾಯಿಯಿಂದ ಲಕ್ಷದವರೆಗೆ ಬೆಲೆ. ಚುರುಮುರಿ ತಿನ್ನುತ್ತಾ ನೋಡಿಕೊಂಡು ಹೋಗಬಹುದು, ಯಾರೂ ಏನೂ ಕೇಳುವುದಿಲ್ಲ. ನನಗೆ ಗ್ಯಾಲರಿ ಬಾಗಿಲು ತಳ್ಳುವ ಧೈರ್ಯ ಬಂದದ್ದು ಈ ಸಂತೆಯಲ್ಲಿ ಮೂರ್ನಾಲ್ಕು ವರ್ಷ ಸುತ್ತಿದ ಮೇಲೆಯೇ.

ಅವತ್ತು ಗದಗ ಕಡೆಯ ಒಬ್ಬ ಹುಡುಗ ಕಾಂಪೌಂಡಿಗೆ ಹಗ್ಗ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಲ್ಲಿ ವಾಟರ್ ಕಲರ್ ಚಿತ್ರಗಳನ್ನು ತೂಗು ಹಾಕಿದ್ದ. ಮೇಲುಕೋಟೆಯ ಕಲ್ಯಾಣಿಯ ಚಿತ್ರವೊಂದಿತ್ತು. ಕಂಬದ ಸಾಲು, ಮೆಟ್ಟಿಲು, ಹಿಂದೆ ಬೆಟ್ಟ. ಆದರೆ ನೀರಿನಲ್ಲಿ ಬಣ್ಣವೇ ಹಾಕಿರಲಿಲ್ಲ. ಬರೀ ಬಿಳಿ ಪೇಪರ್ ಬಿಟ್ಟಿದ್ದ. ಅದು ಹೇಗೆ ನೀರಾಗಿ ಕಾಣುತ್ತದೆ ಎಂದು ಹತ್ತು ನಿಮಿಷ ನಿಂತು ನೋಡಿದೆ. 2,800 ರೂಪಾಯಿ ಎಂದ. ಚೌಕಾಸಿ ಮಾಡಲು ಬಾಯಿ ಬರಲಿಲ್ಲ. ಮನೆಗೆ ತಂದಾಗ ಅತ್ತೆ ಕನ್ನಡಕ ಹಾಕಿಕೊಂಡು ನೋಡಿ, "ಚೆಲುವನಾರಾಯಣ ಎಲ್ಲಿದಾನಮ್ಮ ಇದರಲ್ಲಿ?" ಎಂದರು. "ಅವನು ಒಳಗಿದಾನೆ ಅತ್ತೆ, ಇದು ಹೊರಗೆ" ಎಂದೆ. ನಮ್ಮವರು ಬೆಲೆ ಕೇಳಿ ಸುಮ್ಮನಾದರು. ಅವರು ಸುಮ್ಮನಾದರೆ ಅರ್ಥ ಬೇರೆ.

ಮಾರನೇ ದಿನವೇ ಹತ್ತಿರದ ಫ್ರೇಮ್ ಅಂಗಡಿಗೆ ಕೊಟ್ಟೆ. ದೇವರ ಫೋಟೋ, ಮದುವೆ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಚಿನ್ನದ ಬಣ್ಣದ ಬೀಡಿಂಗ್ ಹಾಕಿ ಚೆನ್ನಾಗಿಯೇ ಮಾಡಿಕೊಟ್ಟರು. ಹಾಲ್‌ನಲ್ಲಿ ಒಳ್ಳೆಯ ಜಾಗ ಯಾವುದು ಎಂದು ಹುಡುಕಿ, ಬಚ್ಚಲುಮನೆಯ ಆಚೆ ಬದಿಯ ಗೋಡೆಗೆ ಹೊಡೆದೆವು. ಬೆಳಿಗ್ಗೆ ಎಂಟಕ್ಕೆ ಕಿಟಕಿಯಿಂದ ಬಿಸಿಲು ನೇರವಾಗಿ ಅದರ ಮೇಲೆ ಬೀಳುತ್ತಿತ್ತು. ಕಲ್ಯಾಣಿ ಬೆಳಗುತ್ತಿತ್ತು. ನನಗೆ ಅದೇ ಖುಷಿ.

2013ರ ಮಳೆಗಾಲದಲ್ಲಿ ಗಮನಿಸಿದೆ. ನೀಲಿ ಆಕಾಶ ಬೂದಿ ಬಣ್ಣಕ್ಕೆ ತಿರುಗಿತ್ತು. ಚಿತ್ರದ ನಾಲ್ಕೂ ಅಂಚಿಗೆ ಯಾರೋ ಕಾಫಿ ಡಿಕಾಕ್ಷನ್ನಿನಲ್ಲಿ ಗೆರೆ ಎಳೆದ ಹಾಗೆ ಕಂದು ಪಟ್ಟಿ. ಮೆಟ್ಟಿಲುಗಳ ಮೇಲೆ ಸಣ್ಣ ಸಣ್ಣ ಕಂದು ಚುಕ್ಕೆ. ಇಳಿಸಿ ತಿರುಗಿಸಿದರೆ ಹಿಂದಿನ ಹಾರ್ಡ್‌ಬೋರ್ಡ್ ಮೇಲೆ ಹಸಿರು ಬೂಷ್ಟು.

ಪರಿಚಯದವರ ಮೂಲಕ ಹಳೆಯ ಚಿತ್ರಗಳನ್ನು ಸರಿ ಮಾಡುವ ಒಬ್ಬ ಹೆಂಗಸಿನ ಹತ್ತಿರ ಹೋದೆ. ಅವರು ಚಿತ್ರದ ಮುಖ ನೋಡಲೇ ಇಲ್ಲ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಚಿತ್ರವನ್ನು ಬೋರಲು ಮಲಗಿಸಿದರು. ಬ್ಲೇಡಿನಿಂದ ಕಂದು ಟೇಪ್ ಕತ್ತರಿಸಿದರು. ಸಣ್ಣ ಇಕ್ಕಳದಿಂದ ಮೊಳೆಗಳನ್ನು ಒಂದೊಂದಾಗಿ ಎಳೆದು ಬಟ್ಟಲಿಗೆ ಹಾಕಿದರು. ಹಾರ್ಡ್‌ಬೋರ್ಡ್ ಎತ್ತಿದ ತಕ್ಷಣ ಮುಚ್ಚಿಟ್ಟ ಟ್ರಂಕಿನ ವಾಸನೆ ಬಂತು. ಒಳಗೆ ಮಡಚಿಟ್ಟ ನ್ಯೂಸ್‌ಪೇಪರ್. 2009ರದ್ದು, ಯಾವುದೋ ಸೀರೆ ಸೇಲ್ ಜಾಹೀರಾತು. ಅದರ ಕೆಳಗೆ ರಟ್ಟು. ರಟ್ಟಿಗೆ ನನ್ನ ಚಿತ್ರವನ್ನು ನಡುವೆ ಬಿಳಿ ಗೋಂದು ಹಾಕಿ, ಮೂಲೆಗಳಿಗೆ ಸೆಲೋಟೇಪ್ ಅಂಟಿಸಿ ಕೂರಿಸಿದ್ದರು. ಟೇಪ್ ಜೇನಿನ ಬಣ್ಣಕ್ಕೆ ತಿರುಗಿ ಪೇಪರಿನೊಳಗೆ ಇಳಿದಿತ್ತು.

"ನೋಡಿ ಮೇಡಂ" ಎಂದು ಅವರು ಮೌಂಟಿನ, ಅಂದರೆ ಚಿತ್ರ ಕಾಣಲು ನಡುವೆ ಕಿಟಕಿ ಕತ್ತರಿಸಿ ಗಾಜಿನ ಕೆಳಗೆ ಕೂರಿಸುವ ರಟ್ಟಿನ, ಕಿಟಕಿಯ ಅಂಚನ್ನು ಉಗುರಿನಿಂದ ತೋರಿಸಿದರು. ಮೌಂಟ್ ಮೇಲೆ ಬೆಳ್ಳಗಿತ್ತು, ಓರೆಯಾಗಿ ಕತ್ತರಿಸಿದ ಅಂಚು ಮಾತ್ರ ಕಂದಾಗಿತ್ತು. ಅಗ್ಗದ ರಟ್ಟು ಮರದ ತಿರುಳಿನಿಂದ ಮಾಡಿದ್ದು. ಕಾಲ ಕಳೆದ ಹಾಗೆ ಅದರಲ್ಲಿ ಆ್ಯಸಿಡ್ ಹುಟ್ಟಿ, ತಾಗಿದ ಪೇಪರನ್ನೂ ಸುಡುತ್ತದೆ. ನ್ಯೂಸ್‌ಪೇಪರ್ ಹಳದಿಯಾಗುವುದೂ ಇದೇ ಕಾರಣಕ್ಕೆ. ನಾನು ಚಿತ್ರದ ಬೆನ್ನಿಗೆ ಅದನ್ನೇ ಕಟ್ಟಿ ನಾಲ್ಕು ವರ್ಷ ಬಿಸಿಲಿಗೆ ಒಡ್ಡಿದ್ದೆ. ಜೊತೆಗೆ ಬಚ್ಚಲಿನ ತೇವ. ಮೌಂಟ್ ಇದ್ದರೂ ಪೇಪರ್ ಉಬ್ಬಿ ಗಾಜಿಗೆ ತಾಗಿಕೊಂಡಿದ್ದರಿಂದ ಬೆವರಿದ ನೀರಿಗೆ ಹೋಗಲು ಜಾಗವಿರಲಿಲ್ಲ.

ಸರಿಪಡಿಸಲು ಎರಡು ತಿಂಗಳು, 6,500 ರೂಪಾಯಿ. 2,800ರ ಚಿತ್ರಕ್ಕೆ! ನಮ್ಮವರು ಈ ಸಲ ಸುಮ್ಮನಿರಲಿಲ್ಲ. "ಅದೇ ದುಡ್ಡಿಗೆ ಇನ್ನೆರಡು ಬರ್ತಿತ್ತಲ್ಲ" ಎಂದರು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಆ ಹುಡುಗ ಬಿಳಿ ಬಿಟ್ಟ ನೀರು ಇನ್ನೆರಡರಲ್ಲಿ ಬರುತ್ತಿರಲಿಲ್ಲ.

ಕಂದು ಗೆರೆ ಪೂರ್ತಿ ಹೋಗಲಿಲ್ಲ, ತೆಳುವಾಯಿತು. ಬೂಷ್ಟಿನ ಚುಕ್ಕೆಗಳು ಮಸುಕಾದವು. ಆಕಾಶದ ನೀಲಿ ವಾಪಸ್ ಬರಲಿಲ್ಲ, ಬರುವುದೂ ಇಲ್ಲ. ಬಿಸಿಲು ತಿಂದ ಬಣ್ಣಕ್ಕೆ ಔಷಧಿ ಇಲ್ಲ. ಬಲಗಡೆ ಮಂಟಪದ ಮೇಲೆ ಮೂರು ದುಂಡನೆಯ ಕಲೆಗಳಿದ್ದವು, ಕಡಲೆಕಾಳಿನಷ್ಟು. ಅವನ್ನೂ ತೆಗೆಯಿರಿ ಎಂದೆ. ಅವರು ಭೂತಗನ್ನಡಿ ಹಿಡಿದು ನೋಡಿ, "ಇವು ಬೂಷ್ಟಲ್ಲ. ಬಣ್ಣದ ಜೊತೆಗೇ ಬಂದವು. ಮುಟ್ಟಲ್ಲ" ಎಂದರು. ನನಗೆ ಅಷ್ಟು ಸಮಾಧಾನವಾಗಲಿಲ್ಲ.

ಅವತ್ತಿನಿಂದ ಕಟ್ಟು ಹಾಕಿಸುವ ರೀತಿಯೇ ಬದಲಾಯಿತು. ಹಿಂದೆ ಮುಂದೆ ಎರಡೂ ಕಡೆ ಆ್ಯಸಿಡ್-ಫ್ರೀ ಬೋರ್ಡ್. ಗಾಜಿಗೂ ಪೇಪರಿಗೂ ನಡುವೆ ಮೌಂಟಿನ ದಪ್ಪದಷ್ಟು ಗಾಳಿ. ಚಿತ್ರವನ್ನು ಎಲ್ಲಿಯೂ ಗೋಂದಿನಲ್ಲಿ ಅಂಟಿಸುವಂತಿಲ್ಲ. ಮೇಲಿನ ಅಂಚಿಗೆ ಮಾತ್ರ ತೆಳು ಜಪಾನಿ ಕಾಗದದ ಎರಡು ತುಂಡು, ಅದಕ್ಕೆ ಗೋಧಿ ಗಂಜಿಯ ಅಂಟು. ಮಳೆಗಾಲದಲ್ಲಿ ಪೇಪರ್ ಹಿಗ್ಗಿದರೆ ಕೆಳಗೆ ಜಾಗವಿರುತ್ತದೆ, ನಾಳೆ ಬಿಚ್ಚಬೇಕಾದರೆ ಸ್ವಲ್ಪ ತೇವ ಮಾಡಿದರೆ ಸಾಕು. ಫ್ರೇಮಿನ ಕೆಳಮೂಲೆಗಳಿಗೆ ಕಾರ್ಕ್ ಚೂರು, ಗೋಡೆಗೆ ತಾಗದಂತೆ. ಅಂಗಡಿಯವರು ಮೊದಲು ನಕ್ಕರು. "ಮೇಡಂ, ಗೋಂದು ಹಾಕಿದ್ರೆ ಗಟ್ಟಿ ಇರುತ್ತೆ, ಅಲ್ಲಾಡಲ್ಲ." "ಅಲ್ಲಾಡಲಿ ಬಿಡಿ" ಎಂದೆ. ಈಗ ಅವರೇ ಬೇರೆ ಗಿರಾಕಿಗಳಿಗೆ ಹೇಳಿಕೊಡುತ್ತಾರೆ. ಖರ್ಚು ಮೂರು ಪಟ್ಟು ಜಾಸ್ತಿ, ಅದನ್ನು ಚಿತ್ರದ ಬೆಲೆಯ ಜೊತೆಗೇ ಲೆಕ್ಕ ಹಾಕಿ ಆಮೇಲೆ ಕೊಳ್ಳುತ್ತೇನೆ.

ಬೆಳಕಿನ ಪಾಠ ಕಲಿತದ್ದು ಮೈಸೂರಿನಲ್ಲಿ. ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರ ಎಲ್ಲರೂ ನೋಡಿರುತ್ತೀರಿ. ಅರ್ಧ ಜನ ಅದನ್ನು ರವಿವರ್ಮನದು ಎಂದುಕೊಂಡಿದ್ದಾರೆ. ಚಿಕ್ಕವಳಿದ್ದಾಗ ನಮ್ಮ ಮೇಷ್ಟ್ರೂ ಹಾಗೇ ಹೇಳಿದ್ದರು. ಅದು ಎಸ್.ಎಲ್. ಹಲ್ದಂಕರ್ ಅವರದು, ಮಾಡೆಲ್ ಆಗಿ ನಿಂತವರು ಅವರ ಮಗಳು. ಎಣ್ಣೆ ಬಣ್ಣವೂ ಅಲ್ಲ, ವಾಟರ್ ಕಲರ್. ಆ ಕೋಣೆ ಕತ್ತಲಾಗಿರುವುದು ದೀಪ ಚೆನ್ನಾಗಿ ಕಾಣಲಿ ಅಂತ ಎಂದೇ ನಾನು ತಿಳಿದಿದ್ದೆ. ವಾಟರ್ ಕಲರಿಗೆ ಕತ್ತಲೇ ಒಳ್ಳೆಯದು ಎಂದು ಹೊಳೆದದ್ದು ಕಲ್ಯಾಣಿ ಕೆಟ್ಟ ಮೇಲೆ. ಪೇಪರಿನ ಮೇಲಿನ ಕೆಲಸಕ್ಕೆ 50 ಲಕ್ಸ್ ಬೆಳಕು ಸಾಕು ಎಂಬುದು ಮ್ಯೂಸಿಯಂಗಳ ಲೆಕ್ಕ (ಲಕ್ಸ್ ಅಂದರೆ ಬೆಳಕಿನ ಅಳತೆ). ಮೊಬೈಲಿನಲ್ಲಿ ಅಳೆದು ನೋಡಿದೆ. ನಮ್ಮ ಹಾಲ್‌ನಲ್ಲಿ ಬೆಳಿಗ್ಗೆ ಸಾವಿರ ದಾಟುತ್ತಿತ್ತು.

ಆದ್ದರಿಂದ ಈಗ ಗೋಡೆ ಮೇಲೆ ಒಂದು ಸಲಕ್ಕೆ ಆರು ಚಿತ್ರ ಮಾತ್ರ. ಮಿಕ್ಕವು ಒಳಕೋಣೆಯ ಬೀರುವಿನಲ್ಲಿ, ಪುಸ್ತಕದ ಹಾಗೆ ನಿಲ್ಲಿಸಿ, ನಡುವೆ ದಪ್ಪ ಬೋರ್ಡ್ ಇಟ್ಟು. ಮಂಚದ ಕೆಳಗೆ ಇಡಬಾರದು. ನೆಲ ಒರೆಸುವ ನೀರು, ಗೆದ್ದಲು, ಬೆಳ್ಳಿ ಬಣ್ಣದ ಆ ಓಡುಹುಳ ಎಲ್ಲ ಮೊದಲು ಅಲ್ಲಿಗೇ ಬರುವುದು. ಸಂಕ್ರಾಂತಿಗೆ, ಯುಗಾದಿಗೆ, ಗೌರಿ ಹಬ್ಬಕ್ಕೆ ಚಿತ್ರ ಬದಲಾಯಿಸುತ್ತೇವೆ. ಹೇಗೂ ಮನೆ ಗುಡಿಸಿ ಜೇಡ ತೆಗೆಯುವ ಕೆಲಸ ಇರುತ್ತದಲ್ಲ. ಗೌರಿ ಹಬ್ಬದ ಸಲ ಮಾತ್ರ ಪ್ರತಿಯೊಂದರ ಬೆನ್ನನ್ನೂ ಟಾರ್ಚ್ ಹಾಕಿ ನೋಡುತ್ತೇನೆ, ಮಳೆ ಏನು ಮಾಡಿದೆ ಅಂತ. ಕೆಲಸಕ್ಕೆ ಬರುವ ಲಕ್ಷ್ಮಮ್ಮನಿಗೆ ಹೇಳಿಕೊಟ್ಟಿದ್ದೇನೆ, ಗಾಜಿನ ಮೇಲೆ ಸ್ಪ್ರೇ ಹೊಡೆಯಬೇಡ, ಬಟ್ಟೆಗೆ ಹೊಡೆದು ಒರೆಸು. ಗಾಜಿನಿಂದ ಇಳಿದ ನೀರು ಫ್ರೇಮಿನ ಸಂದಿಯಲ್ಲಿ ನಿಂತು ಒಂದು ಚಿತ್ರದ ಬುಡ ಅಲೆಅಲೆಯಾಗಿದೆ. ಅದು ಲಕ್ಷ್ಮಮ್ಮ ಮಾಡಿದ್ದಲ್ಲ, ನಾನೇ.

ಎರಡನೇ ದಂಡ 2015ರಲ್ಲಿ. ಸ್ವಲ್ಪ ಗೊತ್ತಾಗಿದೆ ಎಂಬ ಜಂಬ ಬಂದಿತ್ತು. ಒಂದು ಅಂಗಡಿಯಲ್ಲಿ, ಹೆಸರು ಬೇಡ, ಹೆಸರಾಂತ ಕಲಾವಿದರೊಬ್ಬರ 'ಲಿಮಿಟೆಡ್ ಎಡಿಷನ್' ಕ್ಯಾನ್ವಾಸ್ ತೋರಿಸಿದರು. 18,000 ರೂಪಾಯಿ. 12/100 ಎಂದು ನಂಬರ್ (ನೂರು ಪ್ರತಿಗಳಲ್ಲಿ ಹನ್ನೆರಡನೆಯದು), ಸರ್ಟಿಫಿಕೇಟ್, ಬೆರಳಿಗೆ ಸಿಗುವ ಹಾಗೆ ಬ್ರಷ್ಷಿನ ಗೆರೆ. ತಂದೆ. ಮನೆಯಲ್ಲಿ ಅಭ್ಯಾಸಬಲದಿಂದ ತಿರುಗಿಸಿ ನೋಡಿದಾಗ ಎದೆ ಧಸಕ್ಕೆಂದಿತು. ಕ್ಯಾನ್ವಾಸಿನ ಬೆನ್ನು ಹೊಸ ಬೆಡ್‌ಶೀಟಿನ ಹಾಗೆ ಬೆಳ್ಳಗೆ, ಒಂದೇ ಸಮ. ಅಂಚಿನಲ್ಲಿ ಬಣ್ಣ ಚೆಲ್ಲಿಲ್ಲ, ಸೋರಿಲ್ಲ. ಚಿತ್ರ ಕತ್ತರಿಸಿದ ಹಾಗೆ ಮಡಿಕೆಯವರೆಗೆ ಬಂದು ನಿಂತಿದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿದರೆ ಬ್ರಷ್ಷಿನ ಗೆರೆಯ ಕೆಳಗೆ ಸಣ್ಣ ಸಣ್ಣ ಬಣ್ಣದ ಚುಕ್ಕೆ. ಡಿಜಿಟಲ್ ಪ್ರಿಂಟ್ ತೆಗೆದು, ಮೇಲೆ ಪಾರದರ್ಶಕ ಜೆಲ್ ಬಳಿದಿದ್ದರು. ಜಗಳಕ್ಕೆ ಹೋಗೋಣ ಎಂದು ಸರ್ಟಿಫಿಕೇಟ್ ತೆಗೆದು ಓದಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ 'ಪ್ರತಿಕೃತಿ' ಎಂದೇ ಬರೆದಿತ್ತು. ಸುಳ್ಳು ಹೇಳಿರಲಿಲ್ಲ, ನಾನು ಓದಿರಲಿಲ್ಲ. ದಿನಾ ಸಾಲದ ಪತ್ರಕ್ಕೆ ಸಹಿ ಹಾಕಿಸುವಾಗ "ಓದಿ ಸಹಿ ಮಾಡಿ" ಎನ್ನುವವಳು ನಾನು! ಅದು ಈಗ ಫ್ರಿಜ್ ಪಕ್ಕದ ಗೋಡೆಯಲ್ಲಿದೆ. 41ರ ಲೆಕ್ಕದಲ್ಲಿ ಅದು ಸೇರಿಲ್ಲ.

ಆ ಸಿಟ್ಟಿನಲ್ಲಿಯೇ ನಿಜವಾದ ಅಚ್ಚು ಅಂದರೆ ಏನು ಎಂದು ತಿಳಿದುಕೊಳ್ಳಲು ಹೊರಟೆ. ಪರಿಚಯದ ವಿದ್ಯಾರ್ಥಿನಿಯೊಬ್ಬಳು ಎಚಿಂಗ್ ತೆಗೆಯುವುದನ್ನು ತೋರಿಸಿದಳು. ಸತುವಿನ ತಗಡಿನ ಮೇಲೆ ಮೇಣದಂಥ ಲೇಪ, ಅದರ ಮೇಲೆ ಸೂಜಿಯಲ್ಲಿ ಗೀಚು, ಆ್ಯಸಿಡ್ಡಿಗೆ ಇಳಿಸಿದರೆ ಗೀಚಿದ ಕಡೆ ಮಾತ್ರ ತಗಡು ತಿನ್ನುತ್ತದೆ. ಆ ಗುಂಡಿಗೆ ಶಾಯಿ ತುಂಬಿ, ಮೇಲೆ ಮೆತ್ತಿದ್ದನ್ನು ಬಟ್ಟೆಯಲ್ಲಿ, ಕೊನೆಗೆ ಅಂಗೈಯಲ್ಲಿ ಒರೆಸಿ, ಒದ್ದೆ ಪೇಪರ್ ಹಾಸಿ ರೋಲರ್ ಪ್ರೆಸ್ಸಿನಲ್ಲಿ ಹಾಯಿಸಬೇಕು. ಪೇಪರ್ ಎತ್ತುವಾಗ ಅವಳೂ ಉಸಿರು ಹಿಡಿದಿದ್ದಳು. ಚಿತ್ರದ ಸುತ್ತ ತಗಡಿನ ಅಂಚು ಒತ್ತಿದ ತಗ್ಗು ಇರುತ್ತದೆ, ಕಣ್ಣು ಮುಚ್ಚಿ ಬೆರಳಾಡಿಸಿದರೂ ಸಿಗುತ್ತದೆ. ಕೆಳಗೆ ಪೆನ್ಸಿಲ್ಲಿನಲ್ಲಿ ಎಡಕ್ಕೆ 7/25, ಬಲಕ್ಕೆ ಸಹಿ. 25 ಪ್ರತಿಯೂ ಮೂಲವೇ. ನನ್ನಂಥ ಸಂಬಳದವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ ಎಂದು ನನ್ನ ಅಭಿಪ್ರಾಯ. 41ರಲ್ಲಿ 14 ಇಂಥವೇ. ಕಾಲೇಜುಗಳ ಕೊನೆಯ ವರ್ಷದ ಪ್ರದರ್ಶನಗಳಲ್ಲಿ ಮೂರು ಸಾವಿರಕ್ಕೆ ಸಿಕ್ಕವು.

ಅಜ್ಜಿ ಮನೆಯ ಲಕ್ಷ್ಮಿಯ ಕಥೆಯೂ ಇಲ್ಲಿಯೇ ಹೇಳಬೇಕು. ದೇವರಮನೆಯಲ್ಲಿದ್ದ ಪಟ ಅದು. ಕಮಲದ ಮೇಲೆ ನಿಂತ ಲಕ್ಷ್ಮಿ, ಪಕ್ಕದಲ್ಲಿ ಆನೆ. ಸೀರೆಗೆ ಅಜ್ಜಿ ಜರಿ ಹೊಲಿದಿದ್ದರು, ಕೊರಳಿಗೆ ಮಣಿ ಅಂಟಿಸಿದ್ದರು. ಮನೆ ಪಾಲಾಗುವಾಗ ಚಿಕ್ಕಪ್ಪ, "ಒರಿಜಿನಲ್ ರವಿವರ್ಮ, ಲಕ್ಷಾಂತರ ಬೆಲೆ" ಎಂದರು. ಎರಡು ದಿನ ಯಾರೂ ಮಾತಾಡಲಿಲ್ಲ, ಎಲ್ಲರಿಗೂ ಅದೇ ಬೇಕಿತ್ತು. ನಾನು ಭೂತಗನ್ನಡಿ ತೆಗೆದೆ. ಚುಕ್ಕೆಗಳಿದ್ದವು, ಆದರೆ ಡಿಜಿಟಲ್ ಪ್ರಿಂಟಿನಂಥ ಚುಕ್ಕೆಯಲ್ಲ. ಕೈಯಲ್ಲಿ ಇಟ್ಟ ಹೆಚ್ಚುಕಡಿಮೆ ಚುಕ್ಕೆ, ಒಂದರ ಮೇಲೊಂದು ಬಣ್ಣ. ಕಲ್ಲಚ್ಚು, ಅಂದರೆ ಕಲ್ಲಿನ ಮೇಲೆ ಬರೆದು ಪೇಪರಿಗೆ ಒತ್ತಿದ್ದು. ಕೆಳಗೆ ಮಸಿ ಮುಚ್ಚಿದ ಜಾಗದಲ್ಲಿ 'ಕಾರ್ಲಾ-ಲೋಣಾವಳ' ಎಂದು ಓದಲು ಸಿಕ್ಕಿತು. ರವಿವರ್ಮ 1894ರಲ್ಲಿ ಬೊಂಬಾಯಿಯಲ್ಲಿ ಶುರು ಮಾಡಿದ ಪ್ರೆಸ್ಸು ಆಮೇಲೆ ಲೋಣಾವಳದ ಹತ್ತಿರಕ್ಕೆ ಹೋಯಿತು, ಅಲ್ಲಿ ಜರ್ಮನಿಯ ತಂತ್ರಜ್ಞ ಫ್ರಿಟ್ಜ್ ಶ್ಲೈಶರ್ ಕೈಗೆ ಬಂತು. ಮನೆಮನೆಯ ದೇವರಮನೆಗೆ ಹೋದದ್ದು ಅಲ್ಲಿನ ಪ್ರತಿಗಳೇ. ಅಷ್ಟು ಹೇಳಿದ್ದೇ ತಡ, ಲಕ್ಷಾಂತರದ ಆಸೆ ಇಳಿಯಿತು, ಪಟ ನನ್ನ ಪಾಲಿಗೆ ಬಂತು. ಅಮೆರಿಕದಲ್ಲಿರುವ ತಮ್ಮನ ಮಗ ಮಾತ್ರ ತೆಗೆದುಕೊಂಡು ಹೋಗುತ್ತೇನೆ ಎಂದ. ಪುರಾತನ ವಸ್ತು, ಕಲಾಕೃತಿಗಳ 1972ರ ಕಾಯ್ದೆ ತೆಗೆದು ತೋರಿಸಿದೆ. ರವಿವರ್ಮನ ಸ್ವಂತ ಕೃತಿಗಳನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಇದು ಅಚ್ಚಿನ ಪ್ರತಿ ನಿಜ, ಆದರೂ ನೂರು ವರ್ಷ ದಾಟಿದ್ದಾದರೆ ಪುರಾತನ ವಸ್ತುವಿನ ಲೆಕ್ಕಕ್ಕೆ ಬರಬಹುದು. ಏರ್‌ಪೋರ್ಟಿನಲ್ಲಿ ತೊಂದರೆ ಬೇಡ ಎಂದು ಅವನೇ ಬಿಟ್ಟ.

ಪಟದ ಬೆನ್ನಿಗೆ ಹಲಗೆ, ಸಂದಿಯಲ್ಲೆಲ್ಲ ದೀಪದ ಮಸಿ. ಜರಿ ತೆಗೆಸಿ ಚೊಕ್ಕ ಮಾಡಿಸೋಣವಾ ಎಂದು ಕೇಳಿದಾಗ, ಕಲ್ಯಾಣಿ ಸರಿ ಮಾಡಿಕೊಟ್ಟವರು ಬೇಡ ಎಂದರು. ಹಾಗೆಯೇ ಇದೆ. ಅಜ್ಜಿಯ ಹೊಲಿಗೆ ಸ್ವಲ್ಪ ಸೊಟ್ಟ.

ಇನ್ನು ದುಡ್ಡಿನ ವಿಷಯ. ತಿಂಗಳಿಗೆ 1,500 ರೂಪಾಯಿಯ ಆರ್.ಡಿ. ಅದು ಚಿತ್ರದ ದುಡ್ಡು, ಬೇರೆ ಯಾವುದಕ್ಕೂ ಮುಟ್ಟುವುದಿಲ್ಲ. ನ್ಯೂಯಾರ್ಕಿನ ವೋಗೆಲ್ ದಂಪತಿಯ ಬಗ್ಗೆ ಓದಿದಾಗ ಧೈರ್ಯ ಬಂತು. ಹರ್ಬರ್ಟ್ ಪೋಸ್ಟ್ ಆಫೀಸಿನಲ್ಲಿ, ಡೊರೊತಿ ಲೈಬ್ರರಿಯಲ್ಲಿ ಕೆಲಸ. ಅವಳ ಸಂಬಳದಲ್ಲಿ ಸಂಸಾರ, ಅವನ ಸಂಬಳದಲ್ಲಿ ಚಿತ್ರ. ಒಂದೇ ಬೆಡ್‌ರೂಮಿನ ಮನೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೃತಿ ತುಂಬಿಕೊಂಡಿದ್ದರು, 1992ರಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಗೆ ಕೊಡಲು ಒಪ್ಪಿದರು. ಈ ಕಥೆಯನ್ನು ನಮ್ಮವರಿಗೆ ಹೇಳಿದೆ. "ಒಳ್ಳೇದು, ಸಂಸಾರ ಯಾರ ಸಂಬಳದಲ್ಲಿ ಅಂತೀಯ?" ಎಂದು ಕೇಳಿ ಪೇಪರ್ ಓದಲು ಹೋದರು.

ಸಂತೆಯಲ್ಲಿ ಈಗ ನನ್ನದೊಂದು ಕ್ರಮ ಇದೆ. ಬೆಳಿಗ್ಗೆ ಏನೂ ಕೊಳ್ಳುವುದಿಲ್ಲ. ಒಂದು ಸುತ್ತು ಪೂರ್ತಿ ನೋಡಿ, ಊಟ ಮಾಡಿ, ನೆರಳಿನಲ್ಲಿ ಕೂತು ಯಾವುದು ನೆನಪಿದೆ ಎಂದು ಯೋಚಿಸುತ್ತೇನೆ. ನೆನಪಿನಲ್ಲಿ ಉಳಿದದ್ದರ ಹತ್ತಿರ ಮಾತ್ರ ವಾಪಸ್ ಹೋಗುವುದು. ಅಷ್ಟರಲ್ಲಿ ಮಾರಾಟವಾಗಿದ್ದರೆ ಆಯಿತು, ಅದು ನಮ್ಮದಲ್ಲ. ಹಾಗೆ ಕಳೆದುಕೊಂಡ ಒಂದು ಬೀದರಿನ ಕೋಟೆ ಇನ್ನೂ ಕನಸಿಗೆ ಬರುತ್ತದೆ. ಸಂಜೆ ನಾಲ್ಕರ ಮೇಲೆ ಚೌಕಾಸಿ ಮಾಡಿದರೆ ಅರ್ಧಕ್ಕೆ ಸಿಗುತ್ತದೆ ಎಂದು ಹೇಳಿಕೊಡುವವರಿದ್ದಾರೆ. ರಾತ್ರಿ ಬಸ್ಸಿಗೆ ಗಂಟು ಕಟ್ಟುತ್ತಿರುವವರ ಹತ್ತಿರ ಅದು ಮಾಡಬಾರದು ಎಂಬುದು ನನ್ನ ಹಟ. ದುಡ್ಡು ಸಾಲದಿದ್ದರೆ ಎರಡು ಕಂತು ಕೇಳುತ್ತೇನೆ. ಇಲ್ಲ ಎಂದವರು ಕಡಿಮೆ.

ಕೊಂಡ ಮೇಲೆ ಕಲಾವಿದರನ್ನು ಅಲ್ಲಿಯೇ ಹಿಡಿದು ಕೂರಿಸಿ ಕೇಳಿ ಬರೆದುಕೊಳ್ಳುತ್ತೇನೆ. ಯಾವ ವರ್ಷ, ಯಾವ ಪೇಪರ್, ಯಾವ ಬಣ್ಣ, ಎಲ್ಲಿ ಕೂತು ಬರೆದದ್ದು. ಚಿತ್ರದ ಜೊತೆ ಅವರ ಫೋಟೋ, ಕೈಬರಹದ ರಸೀದಿ. ಮನೆಗೆ ಬಂದು ರಿಜಿಸ್ಟರಿನಲ್ಲಿ ಎಂಟ್ರಿ. 2013ರಲ್ಲಿ ಶುರು ಮಾಡಿದ್ದು, ಬ್ಯಾಂಕಿನ ಉದ್ದ ಲೆಡ್ಜರ್ ಪುಸ್ತಕ. ಎಕ್ಸೆಲ್ಲಿನಲ್ಲಿಯೂ ಇದೆ, ಆದರೆ ನನಗೆ ಪುಸ್ತಕವೇ ನಂಬಿಕೆ. ಮ್ಯೂಸಿಯಂನವರ ಹಾಗೆ ನಂಬರ್: 2009.1 ಅಂದರೆ ಆ ವರ್ಷದ ಮೊದಲನೆಯದು. ಅಳತೆ ಸೆಂಟಿಮೀಟರಿನಲ್ಲಿ, ಎತ್ತರ ಮೊದಲು, ಅಗಲ ಆಮೇಲೆ. ಮುಂದಿನ ಫೋಟೋ, ಬೆನ್ನಿನ ಫೋಟೋ, ಸಹಿಯ ಫೋಟೋ. 'ಸ್ಥಿತಿ' ಎಂಬ ಕಾಲಂನಲ್ಲಿ ಎಲ್ಲಿ ಕಲೆ, ಎಲ್ಲಿ ಮಡಿಕೆ. ಅದೇ ನಂಬರನ್ನು ಚಿತ್ರದ ಬೆನ್ನಿನ ಮೂಲೆಯಲ್ಲಿ ಮೆತ್ತನೆ ಪೆನ್ಸಿಲ್ಲಿನಲ್ಲಿ ಬರೆಯಬೇಕು. ಪೆನ್ ಬೇಡ, ಸ್ಟಿಕ್ಕರ್ ಬೇಡವೇ ಬೇಡ.

ವಿಮೆ, ತೆರಿಗೆ ಬೇಜಾರಿನ ವಿಷಯ, ಬೇಗ ಹೇಳಿ ಮುಗಿಸುತ್ತೇನೆ. ಮನೆ ವಿಮೆ ಮಾಡಿಸಿದ್ದರೆ ಗೋಡೆ ಮೇಲಿನ ಚಿತ್ರವೂ ಸೇರಿತು ಎಂದುಕೊಳ್ಳಬೇಡಿ. 2021ರಲ್ಲಿ ಬಂದ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಒಡವೆ, ಚಿತ್ರಗಳಿಗೆ ಬೇರೆಯಾಗಿ ಕೇಳಿ ಸೇರಿಸಿಕೊಳ್ಳಬೇಕು. ರಿಜಿಸ್ಟರಿನ ಜೆರಾಕ್ಸ್ ಅಲ್ಲಿ ಉಪಯೋಗಕ್ಕೆ ಬಂತು. ಮಾರಿದರೆ ಲಾಭಕ್ಕೆ ತೆರಿಗೆ ಇದೆ. ಈಗಿನ ಲೆಕ್ಕದಲ್ಲಿ ಎರಡು ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡಿದ್ದರೆ ಶೇ. 12.5.

ನಾನು ಮಾರಿದ್ದು ಒಂದೇ ಸಲ. 9,000ಕ್ಕೆ ಕೊಂಡಿದ್ದ ಎಣ್ಣೆ ಬಣ್ಣದ ಚಿತ್ರವನ್ನು ಸಹೋದ್ಯೋಗಿಯೊಬ್ಬರು ಬಿಡಲೇ ಇಲ್ಲ, 24,000ಕ್ಕೆ ಕೊಟ್ಟೆ. ಕಾಪಿರೈಟ್ ಕಾಯ್ದೆಯಲ್ಲಿ ಒಂದು ಕಲಂ ಇದೆ. ಮೂಲ ಚಿತ್ರ 10,000ಕ್ಕಿಂತ ಜಾಸ್ತಿಗೆ ಮರುಮಾರಾಟವಾದರೆ ಕಲಾವಿದರಿಗೂ ಪಾಲು ಉಂಟು, ಹೆಚ್ಚೆಂದರೆ ಶೇ. 10. ಯಾರೂ ಕೊಟ್ಟಿದ್ದು ನಾನು ಕೇಳಿಲ್ಲ. 2,400 ಕಳಿಸಿದೆ. ಐದು ನಿಮಿಷಕ್ಕೆ ಫೋನ್ ಬಂತು. "ಮೇಡಂ, ಇದೇನು ಅಡ್ವಾನ್ಸಾ? ಯಾವ ಸೈಜ್ ಬೇಕು?" ಕಾಯ್ದೆ ಅಂತ ವಿವರಿಸಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಯಾರಿಗೆ ಕೊಟ್ರಿ? ಅವರ ಮನೇಲಿ ಬಿಸಿಲು ಬೀಳಲ್ಲ ತಾನೆ?" ಎಂದರು.

ಕೊಂಡ ಮಾತ್ರಕ್ಕೆ ಎಲ್ಲವೂ ನಮ್ಮದಾಗುವುದಿಲ್ಲ ಎಂಬುದಕ್ಕೆ ಇನ್ನೊಂದು ಪೆಟ್ಟು ತಿಂದಿದ್ದೆ. ತಂಗಿ ಮಗಳ ಮದುವೆ ಪತ್ರಿಕೆಗೆ ನಮ್ಮ ಮನೆಯ ಒಂದು ಚಿತ್ರ ಹಾಕಿಸಿದೆವು. ಕಲಾವಿದರು ಮದುವೆಗೂ ಬಂದರು, ಊಟ ಮಾಡಿದರು, ಹೊರಡುವಾಗ ಮೆಲ್ಲಗೆ ಹೇಳಿದರು, "ಚಿತ್ರ ನಿಮ್ಮದು ಅಕ್ಕಾ. ಅಚ್ಚು ಹಾಕೋ ಹಕ್ಕು ನನ್ನದು. ಒಂದು ಮಾತು ಕೇಳಬೇಕಿತ್ತು." ತಾಂಬೂಲ ಹಿಡಿದಿದ್ದ ಕೈ ಹಾಗೇ ನಿಂತಿತು.

ಕೊನೆಗೆ, ಮೊದಲು ಹೇಳಿದ ಆ ಒಬ್ಬರ ವಿಷಯ. ಗದಗದ ಹುಡುಗ ಈಗ ಹುಡುಗನಲ್ಲ, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಕಳೆದ ವರ್ಷ ತರಬೇತಿಗೆ ಬೆಂಗಳೂರಿಗೆ ಬಂದಿದ್ದರು. ಹಳೆಯ ನಂಬರಿಗೆ ಫೋನ್ ಮಾಡಿ, "ಆ ಮೇಲುಕೋಟೆ ಐತೇನ್ರಿ ಇನ್ನೂ?" ಎಂದು ಕೇಳಿದರು. ಬನ್ನಿ ಎಂದೆ. ಬರುವಷ್ಟರಲ್ಲಿ ಬೀರುವಿನಿಂದ ತೆಗೆದು ಗೋಡೆಗೆ ಹಾಕಿದೆ. ಆಕಾಶ ನೋಡಿ ಏನು ಅಂದುಕೊಳ್ಳುತ್ತಾರೋ ಎಂದು ಭಯ.

ನಿಂತು ಬಹಳ ಹೊತ್ತು ನೋಡಿದರು. ಆಕಾಶದ ಬಗ್ಗೆ ಏನೂ ಹೇಳಲಿಲ್ಲ. ಕಾಫಿ ಲೋಟ ಕೆಳಗಿಟ್ಟು, "ಒಂದ್ಸಲ ಹಿಂದ ನೋಡಬಹುದೇನ್ರಿ?" ಎಂದರು. ಇಳಿಸಿ, ಟೇಬಲ್ ಮೇಲೆ ಟವೆಲ್ ಹಾಸಿ ಬೋರಲು ಮಲಗಿಸಿ ಬಿಚ್ಚಿದೆ. ನನ್ನ ಪೆನ್ಸಿಲ್ಲಿನ 2009.1 ನೋಡಿ ನಕ್ಕರು. ನಡುವೆ ಅವರದೇ ಬರಹ, ಬಿಳಿ ಗೋಂದಿನ ಕಲೆಯಲ್ಲಿ ಅರ್ಧ ಮುಚ್ಚಿಹೋಗಿದ್ದ ಒಂದು ತಾರೀಖು. ಅಷ್ಟು ವರ್ಷವೂ ನಾನು ಅದನ್ನು ಕೊಳೆ ಎಂದುಕೊಂಡಿದ್ದೆ. ರಿಜಿಸ್ಟರ್ ತೆಗೆದು ತೋರಿಸಿದೆ. ಸ್ಥಿತಿ ಕಾಲಂನಲ್ಲಿ ಅವರ ಬೆರಳು ನಿಂತಿತು: 'ಬಲಕ್ಕೆ ಮಂಟಪದ ಮೇಲೆ ಮೂರು ದುಂಡು ಕಲೆ. ಕಾರಣ ಗೊತ್ತಿಲ್ಲ.'

"ಇದು ಮಳಿ ರೀ" ಎಂದರು. "ಬಣ್ಣ ಹಸಿ ಇತ್ತು, ಮಳಿ ಬಂತು. ಮಂಟಪಕ್ಕ ಓಡಿ ಹೋದೆ, ಅಷ್ಟ್ರಾಗ ಮೂರು ಹನಿ ಬಿದ್ದುಬಿಟ್ಟಿದ್ವು. ಅದಕ್ಕ ನೀರಿಗೆ ಬಣ್ಣ ಹಾಕಲಿಲ್ಲ. ಹಾಕಾಕ ಟೈಮ್ ಸಿಗಲಿಲ್ಲ."

ನಮ್ಮವರು ಒಳಗಿನಿಂದ ಜೋರಾಗಿ ನಕ್ಕಿದ್ದು ಕೇಳಿಸಿತು. ನಾನು ಪೆನ್ ತೆಗೆದು 'ಕಾರಣ ಗೊತ್ತಿಲ್ಲ' ಎಂಬುದಕ್ಕೆ ಗೆರೆ ಹೊಡೆದು ಪಕ್ಕದಲ್ಲಿ 'ಮಳೆ' ಎಂದು ಬರೆದೆ. ಮೇಷ್ಟ್ರು ಸಹಿ ಹಾಕಿದರು.